ಲಿಂಗಾರ್ಚನೆಗೆ ಅಂಗಳದ ಸೇವಂತಿಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನಮ್ಮಂತಹವರಿಗೆ ಪೂಜೆಯ ಹೂವಿನ ಚಿಂತೆಯೇ ಇರುತ್ತಿರಲಿಲ್ಲ. ನಸುಕಿನಲ್ಲಿಯೇ ಹೂಗಾರರು ಮನೆಬಾಗಿಲಿಗೆ ಬಂದು ಪತ್ರೆ-ಪುಷ್ಪಗಳನ್ನಿಟ್ಟು ಹೋಗುತ್ತಿದ್ದರು. ಸುಗ್ಗಿಯಲ್ಲಿ ಅವರ ಪಾಲಿನ ಕಾಳು ಅವರಿಗೆ ಸಲ್ಲುತ್ತಿತ್ತು. ಹೂಗಾರ ಮಾದಯ್ಯನವರಂತಹ ಶರಣರು ಕೈಕೊಂಡ ಆ ಕಾಯಕದ ಬೆಲೆ ನನಗೆ ನಿಜವಾಗಿ ತಿಳಿದುಬಂದದ್ದು ಉಪ್ಪಿನಂಗಡಿಯಲ್ಲಿರುವ ಮಗಳ ಮನೆಗೆ ಬಂದು ನೆಲಸಿದ ಮೇಲೆಯೇ.

ನೇತ್ರಾವತಿ-ಕುಮಾರಧಾರೆಗಳು ಸಹಸ್ರಲಿಂಗೇಶ್ವರನ ಸನ್ನಿಧಿಯಲ್ಲಿ ಒಂದಾಗುವ ಈ ಊರನ್ನು ಕಂಡಾಗ ಕೃಷ್ಣೆ-ಮಲಪ್ರಭೆಗಳು ಕೂಡುವ ಕೂಡಲಸಂಗಮವು ನೆನಪಾಗದೆ ಇರದು. ಆದರೆ ಅಲ್ಲಿಯ ಬಿಸಿಲೆಲ್ಲಿ, ಇಲ್ಲಿಯ ಮಳೆಯೆಲ್ಲಿ! ಇಲ್ಲಿ ಕೇಪಳ, ಅಬ್ಬಲಿಗೆ, ನಂದಿಬಟ್ಟಲುಗಳಿಗೆ ಬರವಿಲ್ಲ. ಸೇವಂತಿಗೆ ಮಾತ್ರ ಘಟ್ಟದ ಮೇಲಿನಿಂದ ಶಿರಾಡಿ ಮಾರ್ಗವಾಗಿ ಇಳಿದು ಬರಬೇಕು. 2018ರ ಮಳೆಗಾಲದಲ್ಲಿಯೂ 2024ರ ಜುಲೈ ತಿಂಗಳಲ್ಲಿಯೂ ಗುಡ್ಡ ಕುಸಿದು ಆ ಮಾರ್ಗವೇ ನಿಂತಿತ್ತು. ದಾರಿ ಸುಗಮವಾಗಿದ್ದಾಗಲೂ ಮಹಾನವಮಿಯ ವಾರದಲ್ಲಿ ಒಂದು ಮಾರು ಹೂವಿನ ಬೆಲೆ ಕೇಳಿ ಬರಿಗೈಯಲ್ಲಿ ಹಿಂದಿರುಗುವ ತಾಯಂದಿರನ್ನು ಕಂಡಿದ್ದೇನೆ.

ಮಗಳ ಮನೆಯ ಅಂಗಳವು 10 ಅಡಿ ಉದ್ದ, 8 ಅಡಿ ಅಗಲ, ಅಷ್ಟೇ. ಊರಿನ ಮನೆಯ ಹಿತ್ತಿಲಿನಲ್ಲಿ ಅವಳ ತಾಯಿ ಬೆಳೆಸಿದ್ದ ಹಳದಿ ಸೇವಂತಿಗೆಯ ನಾಲ್ಕು ಕಂದುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದೆವು. ಆಕೆ ಲಿಂಗೈಕ್ಯಳಾದ ದಿನವು ಕಾರ್ತಿಕದಲ್ಲಿ ಬರುತ್ತದೆ. ಅಂದು ಆ ಗಿಡದ ಹೂವನ್ನೇ ಲಿಂಗಕ್ಕೆ ಏರಿಸಬೇಕೆಂಬುದು ಮಗಳ ಆಸೆ. ಸೇವಂತಿಗೆಯನ್ನು ಕಂದಿನಿಂದಲೋ ಕುಡಿಯಿಂದಲೋ ಬೆಳೆಸುವುದರಿಂದ ಹೊಸದಾಗಿ ಚಿಗುರುವುದೂ ಅದೇ ಗಿಡವೇ. ಒಮ್ಮೆ ಕಳೆದುಕೊಂಡರೆ ಪೇಟೆಯಲ್ಲಿ ಸಿಕ್ಕದು.

ಮೊದಲನೆಯ ವರ್ಷ ನಾನು ಬಯಲುಸೀಮೆಯ ರೂಢಿಯಂತೆ ಮೇ ತಿಂಗಳ ಕೊನೆಯಲ್ಲಿ ಅವನ್ನು ನೆಲದಲ್ಲಿಯೇ ನೆಡಿಸಿದೆ. ಆಟಿಯ ಮಳೆಗೆ ಬೇರು ಕೊಳೆತು ಮೂರು ಸತ್ತವು. ಉಳಿದ ಒಂದೂ ಹೂ ಬಿಡಲಿಲ್ಲ. ತಪ್ಪು ನನ್ನದೇ. ಸೇವಂತಿಗೆಗೆ ನೀರು ಬೇಕು, ನಿಂತ ನೀರು ಬೇಡ. ಪಕ್ಕದ ಮನೆಯ ಅಮ್ಮನವರ ಸಲಹೆಯಂತೆ ಆ ಒಂದು ಗಿಡದ ಕುಡಿಗಳಿಂದ ಆರು ಕುಂಡಗಳನ್ನು ಮಾಡಿದೆವು. ತಳದಲ್ಲಿ ತೆಂಗಿನ ಸಿಪ್ಪೆ, ಮೇಲೆ ಕೆಂಪು ಮಣ್ಣು, ಹೊಳೆಯ ಮರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ. ಇಲ್ಲಿಯ ಮಣ್ಣು ಮಳೆಯಲ್ಲಿ ತೊಳೆದು ಹುಳಿಯಾಗಿರುವುದರಿಂದ ಒಂದು ಹಿಡಿ ಸುಣ್ಣದ ಪುಡಿಯನ್ನೂ ಬೆರೆಸಿದೆವು. ಮಳೆಗಾಲ ಮುಗಿಯುವವರೆಗೆ ಕುಂಡಗಳು ಸೂರಿನ ಕೆಳಗೇ ಇದ್ದವು. ಗಿಡ ಒಂದು ಗೇಣು ಬೆಳೆದಾಗ ಕುಡಿ ಚಿವುಟಿ, ಒಡೆದ ಕವಲುಗಳನ್ನು ಇನ್ನೊಮ್ಮೆ ಚಿವುಟಿ, ಆಗಸ್ಟ್ ಕಳೆದ ಮೇಲೆ ಕೈಯಿಡದೆ ಬಿಟ್ಟೆವು.

ಗಿಡಗಳು ಹಸುರಾಗಿ ತುಂಬಿಕೊಂಡವು. ಆದರೆ ಮಹಾನವಮಿ ಕಳೆಯಿತು, ದೀಪಾವಳಿಯೂ ಬಂತು, ಅಂಗಳದ ನಾಲ್ಕು ಕುಂಡಗಳಲ್ಲಿ ಒಂದು ಮೊಗ್ಗಿಲ್ಲ. ಗೊಬ್ಬರ ಹೆಚ್ಚಾಯಿತೆಂದು ಒಬ್ಬರು, ದೃಷ್ಟಿಯಾಯಿತೆಂದು ಇನ್ನೊಬ್ಬರು. ಒಂದು ದಿನ ಮೊಮ್ಮಗಳು, “ಅಜ್ಜಾ, ಬಚ್ಚಲಿನ ಹಿಂದೆ ಹಳದಿ ಕಾಣ್ತಿದೆ” ಎಂದು ಕೂಗಿದಳು. ಸ್ಥಳ ಸಾಲದೆ ಗೋಡೆಯ ಹಿಂದೆ ಇಟ್ಟು ಮರೆತಿದ್ದ ಎರಡು ಕುಂಡಗಳಲ್ಲಿ ಮೊಗ್ಗು ಬಿರಿಯುತ್ತಿತ್ತು! ಅಲ್ಲಿಗೂ ಇಲ್ಲಿಗೂ ಇದ್ದ ಭೇದ ಒಂದೇ: ಅಂಗಳಕ್ಕೆ ರಾತ್ರಿಯೆಲ್ಲ ಬೀದಿದೀಪದ ಬೆಳಕು ಬೀಳುತ್ತಿತ್ತು.

ಸೇವಂತಿಗೆಯು ಹಗಲು ಕುಗ್ಗಿ ಇರುಳು ಬೆಳೆಯುವುದನ್ನು ಅರಿತು ಮೊಗ್ಗಿಡುವ ಗಿಡ. ಅದಕ್ಕೆ ತಡೆಯಿಲ್ಲದ ದೀರ್ಘ ಕತ್ತಲೆ ಬೇಕು. ನಡುರಾತ್ರಿಯಲ್ಲಿ ಕೆಲವು ಹೊತ್ತು ಬೆಳಕು ಬಿದ್ದರೂ ಅದು ಇನ್ನೂ ಬೇಸಗೆಯೆಂದೇ ಭ್ರಮಿಸಿ ಎಲೆಯನ್ನೇ ಬೆಳೆಸುತ್ತ ಹೋಗುತ್ತದೆ. ಹಸಿರುಮನೆಗಳಲ್ಲಿ ಬೆಳೆಯುವವರು ಇದನ್ನು ಬಲ್ಲರು. ಹೂವು ತಡವಾಗಬೇಕಾದಾಗ ಬೇಕೆಂದೇ ರಾತ್ರಿ ದೀಪ ಉರಿಸುತ್ತಾರೆ. ನಾವು ಅರಿಯದೆ ಅದನ್ನೇ ಮಾಡಿದ್ದೆವು. ಪಟ್ಟಣದ ಸಣ್ಣ ಅಂಗಳಗಳಲ್ಲಿ ಸೇವಂತಿಗೆ ಹೂಬಿಡದಿದ್ದರೆ ಗೊಬ್ಬರವನ್ನು ಬದಲಿಸುವ ಮೊದಲು ಸಂಜೆ ಹೊರಗೆ ಬಂದು ತಲೆಯೆತ್ತಿ ನೋಡಬೇಕು. ಕಾರ್ತಿಕದ ಹಣತೆಗೆ ಹೆದರಬೇಕಾದುದಿಲ್ಲ. ಅಷ್ಟರೊಳಗೆ ಮೊಗ್ಗು ಮೂಡಿಯೇ ಇರುತ್ತದೆ.

ಚೆಂಡುಹೂವಿಗೆ, ಇಲ್ಲಿಯವರ ಮಾತಿನಲ್ಲಿ ಗೊಂಡೆಗೆ, ಇಷ್ಟು ಸೂಕ್ಷ್ಮವಿಲ್ಲ. ಆಗಸ್ಟ್ ನಡುವಿನಲ್ಲಿ ಸೂರಿನಡಿ ಬೀಜ ಹಾಕಿ, ಮೂರು ನಾಲ್ಕು ವಾರಗಳ ಸಸಿಯನ್ನು ಏರುಮಡಿಯಲ್ಲಿ ನೆಟ್ಟರೆ ದೀಪಾವಳಿಯ ಹೊತ್ತಿಗೆ ಹೂ ಸಿದ್ಧ. ಅಮೆರಿಕ ಖಂಡದಿಂದ ಬಂದ ಈ ಹೂವನ್ನು ಕಲ್ಯಾಣದ ಶರಣರು ಕಂಡಿರಲಾರರು. ಇಂದು ಅದಿಲ್ಲದೆ ನಮ್ಮ ಹಬ್ಬವೇ ಇಲ್ಲ. ಅದರ ಎಳೆಯ ಸಸಿಗೆ ಶತ್ರುವೆಂದರೆ ಬಸವನಹುಳು. ಹೆಸರನ್ನು ನೋಡಿದರೆ ಕೊಲ್ಲಲು ಕೈಬಾರದು, ಬಿಟ್ಟರೆ ಬೆಳಗಾಗುವುದರಲ್ಲಿ ಸಸಿ ಇರದು. ದಯೆಯ ಧರ್ಮವನ್ನು ಜೀವನವಿಡೀ ಬೋಧಿಸಿದವನು ಟಾರ್ಚು ಹಿಡಿದು ಹುಳುವಿನ ಮುಂದೆ ನಿಂತು ಯೋಚಿಸಿದ್ದುಂಟು. ಕೊನೆಗೆ ಸೂರಿನಡಿಯ ಸಸಿಗಳ ಸುತ್ತ ಒಣಬೂದಿಯ ಗೆರೆ ಎಳೆದೆವು. ಒದ್ದೆಯಾಗದಿರುವಷ್ಟು ದಿನ ಅದು ತಡೆಯುತ್ತದೆ.

ಅಂತರಂಗದ ತೋಟವಿರುವಾಗ ಹೊರಗಿನ ಹೂವೇಕೆ ಎನ್ನುವವರಿದ್ದಾರೆ. ತೋಟಿಗನಾದ ಗೊಗ್ಗಯ್ಯನನ್ನು ಅಲ್ಲಮಪ್ರಭುಗಳು ತಿದ್ದಿದ ಪ್ರಸಂಗವನ್ನು ಚಾಮರಸನ ‘ಪ್ರಭುಲಿಂಗಲೀಲೆ’ಯಿಂದ ಎತ್ತಿ ಹೇಳುತ್ತಾರೆ. ಆದರೆ ಆ ಬೋಧೆ ಸಂದದ್ದು ದಿನವಿಡೀ ಗುದ್ದಲಿ ಹಿಡಿದವನಿಗೆ. ಗುದ್ದಲಿಯನ್ನೇ ಮುಟ್ಟದವರಿಗೆ ಅದು ನೆಪವಾಗಬಾರದೆಂದು ನನ್ನ ಅಭಿಪ್ರಾಯ. ಮಠದಲ್ಲಿ ಓದುತ್ತಿದ್ದಾಗ ಹೂ ಬಿಡಿಸುವ ಸರದಿ ನಮ್ಮಂತಹ ಕಿರಿಯರದಾಗಿತ್ತು. ಅರಳಿದ್ದನ್ನು ಮಾತ್ರ ಬಿಡಿಸಬೇಕು, ಕೊಂಬೆ ಜಗ್ಗಬಾರದು, ಗಿಡವನ್ನು ಬರಿದು ಮಾಡಬಾರದು ಎಂದು ಹಿರಿಯರು ಹಿಂದೆಯೇ ನಿಂತು ನೋಡುತ್ತಿದ್ದರು.

ಮೂರನೆಯ ವರ್ಷ ಎಲ್ಲ ಕುಂಡಗಳೂ ಸೆಪ್ಟೆಂಬರ್ ಮೊದಲಿಗೇ ಬಚ್ಚಲಿನ ಹಿಂದಿನ ಬಿಸಿಲಿಗೆ ಹೋದವು. ಕುಡಿಗೆ ಮುತ್ತಿದ ಕರಿಹೇನಿಗೆ ಬೇವಿನೆಣ್ಣೆ ಕಲಸಿದ ಸಾಬೂನಿನ ನೀರು ಸಾಕಾಯಿತು. ಕಾರ್ತಿಕದ ಆ ದಿನ ಮಗಳು ಏಳು ಹೂಗಳನ್ನು ಬಿಡಿಸಿ ತಂದು, ಕರಡಿಗೆ ಬಿಚ್ಚುತ್ತಿದ್ದ ನನ್ನ ಮುಂದಿಟ್ಟು, “ಅವ್ವನ ಗಿಡದವು ಅಪ್ಪಾಜಿ” ಎಂದಳು. ಗಿಡದಲ್ಲಿ ಇನ್ನೂ ಕೆಲವು ಉಳಿದಿದ್ದವು.

ಹೂ ಮುಗಿದ ಮೇಲೆ ಗಿಡವನ್ನು ಕಿತ್ತೆಸೆಯಬಾರದು. ಜನವರಿಯಲ್ಲಿ ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬೇಸಗೆಯಲ್ಲಿ ಅರೆನೆರಳಿನಲ್ಲಿಟ್ಟು ನೀರು ಕೊಡುತ್ತಿದ್ದರೆ ಬುಡದಲ್ಲಿ ಕಂದುಗಳು ಏಳುತ್ತವೆ. ಈ ಸಲ ಎದ್ದವುಗಳಲ್ಲಿ ಮೂರು ಪಕ್ಕದ ಮನೆಯ ಅಮ್ಮನವರ ಅಂಗಳಕ್ಕೆ ಹೋಗಿವೆ. ಅವರ ಕಡೆ ಬೀದಿದೀಪವಿಲ್ಲ.