ತಟ್ಟೆಯಲ್ಲಿ ಬೆಳೆಯದ ರೋಗಾಣು

ಕ್ರಿಸ್‌ಮಸ್ ದ್ವೀಪದ ಆಡಳಿತ ಆಸ್ಟ್ರೇಲಿಯಾದ್ದು, ಆದರೆ ಹತ್ತಿರವಿರುವುದು ಜಾವಾ. ಕೆಂಪು ಏಡಿಗಳ ದಂಡಯಾತ್ರೆಗೆ ಹೆಸರಾದ ಈ ನೆಲದಲ್ಲಿ ಸದ್ದಿಲ್ಲದೆ ಹಲ್ಲಿಗಳು ಕಾಣೆಯಾಗತೊಡಗಿದವು. ಹೊರಗಿನಿಂದ ಬಂದು ಸೇರಿಕೊಂಡ ತೋಳಹಾವಿನ ಮೇಲೆ ಗುಮಾನಿ. 2009–10ರಲ್ಲಿ ಸಿಬ್ಬಂದಿ ಕಾಡು ಜಾಲಾಡಿ 66 ನೀಲಿಬಾಲದ ಹಾವುರಾಣಿ, 43 ಲಿಸ್ಟರ್ ಹಲ್ಲಿಗಳನ್ನು ಹಿಡಿದು ತಂದು ಸಾಕತೊಡಗಿದರು. ಕಾಡಿನಲ್ಲಿ ಆಮೇಲೆ ಎರಡೂ ಇಲ್ಲವಾದವು.

ಹೀಗೆ ಕಾಪಿಟ್ಟುಕೊಂಡವಕ್ಕೇ 2014ರಲ್ಲಿ ರೋಗ ತಗುಲಿತು. ತಲೆಯ ಸುತ್ತ ಲೋಳೆಯಂಥ ಬಾವು, ಮುಖ ವಿಕಾರ, ಅದು ಒಳಗಿನ ಅಂಗಗಳಿಗೆ ಇಳಿದರೆ ಸಾವು. ದ್ವೀಪದ ಮನೆಹಲ್ಲಿಗಳಲ್ಲೂ ಅದೇ ಬಾವು ಕಂಡಿತು. ನಮ್ಮ ಟ್ಯೂಬ್‌ಲೈಟಿನ ಹಿಂದೆ ಲೊಚಗುಟ್ಟುವ ಜಾತಿಯೇ ಅದು; ಅಲ್ಲಿಗೆ ವಲಸೆ ಹೋದದ್ದು.

ಸೂಕ್ಷ್ಮದರ್ಶಕದಡಿ ಬ್ಯಾಕ್ಟೀರಿಯಾ ರಾಶಿರಾಶಿ. ಪ್ರಯೋಗಾಲಯದ ತಟ್ಟೆಯಲ್ಲಿ ಬಿತ್ತಿದರೆ ಮಾತ್ರ ಒಂದೂ ಮೊಳೆಯದು. ರೋಗಾಣುವಿನ ವಿಚಾರಣೆ ಶುರುವಾಗುವುದೇ ಆ ತಟ್ಟೆಯಲ್ಲಿ; ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ನೋಡುವುದೂ ಅಲ್ಲೇ. ಆ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಡಿಎನ್‌ಎ ಓದುವ ದಾರಿ. ಸಿಡ್ನಿ ವಿಶ್ವವಿದ್ಯಾಲಯದ ಜೆಸಿಕಾ ಏಜಿಯಸ್ ಮತ್ತು ಸಂಗಡಿಗರು ಅದನ್ನು ಹಿಡಿದರು. ಬಾವಿನಿಂದ ತೆಗೆದ ತುಣುಕಿನಲ್ಲಿ ಹಲ್ಲಿಯ ಡಿಎನ್‌ಎಯೂ ಕಲೆತಿರುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ. ಇಲ್ಲಿ ಬೇಕಾದದ್ದು ಕಲ್ಲು!

2021ರಲ್ಲಿ ಪ್ರಕಟವಾದ ಆ ರೋಗಾಣುವಿನ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಸುಮಾರು 24 ಲಕ್ಷ ಅಕ್ಷರಗಳದ್ದು. ನಮ್ಮ ಕರುಳಿನಲ್ಲೂ ಇರುವ ಎಂಟರೊಕಾಕಸ್ ಬಳಗದ್ದೇ ಈ ರೋಗಾಣು. ಇಟ್ಟ ಹೆಸರು ಎಂಟರೊಕಾಕಸ್ ಲಾಸರ್ಟಿಡಿಫಾರ್ಮಸ್, ಅಂದರೆ ಹಲ್ಲಿಯ ರೂಪ ಕೆಡಿಸುವಂಥದು. ಒಟ್ಟುಗೂಡಿ ಜೈವಿಕ ಪೊರೆ ಕಟ್ಟಿಕೊಂಡು, ದೇಹದ ಕಾವಲು ಕಣಗಳಿಂದ ತಪ್ಪಿಸಿಕೊಳ್ಳುವ ಜೀನ್‌ಗಳು ಅದರಲ್ಲಿ ಸಿಕ್ಕವು. ಹೆಚ್ಚಿನ ಆ್ಯಂಟಿಬಯಾಟಿಕ್‌ಗಳಿಗೆ ಅದು ಬಗ್ಗಬೇಕು ಎಂಬ ಸುಳಿವೂ ಸಿಕ್ಕಿತು. ನನಗೆ ದೊಡ್ಡದಾಗಿ ಕಾಣುವುದು ಈ ಎರಡನೆಯದು. ತಟ್ಟೆ ಹೇಳಬೇಕಾದದ್ದನ್ನು ಅಕ್ಷರಗಳು ಹೇಳಿದ್ದವು.

ಆದರೆ ಸುಳಿವು ಮದ್ದಲ್ಲ. ಪೊರೆಯೊಳಗೆ ಅವಿತ ರೋಗಾಣುವಿಗೆ ಔಷಧ ತಲುಪುವುದೇ ಕಷ್ಟ. ಮನೆಹಲ್ಲಿಗಳ ಮೇಲೆ ಪ್ರಯೋಗಿಸಿದಾಗ ಎನ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ರೋಗದ ಓಟವನ್ನು ನಿಧಾನಿಸಿತು.

ಇತ್ತ ಹಾವುರಾಣಿಗಳನ್ನೆಲ್ಲ ಒಂದೇ ದ್ವೀಪವನ್ನು ನೆಚ್ಚಿ ಇಟ್ಟುಕೊಳ್ಳಲಿಲ್ಲ. 2019ರಲ್ಲಿ ಕೆಲವನ್ನು ತೋಳಹಾವಿಲ್ಲದ ಕೊಕೊಸ್ ದ್ವೀಪಸಮೂಹದ ಪುಲು ಬ್ಲಾನ್ ಎಂಬ ಪುಟ್ಟ ನಡುಗಡ್ಡೆಗೆ ಒಯ್ದು ಬಿಟ್ಟರು.