ಗಾಜಿನ ತೊಟ್ಟಿಯ ಕಡಲೂ ವಿದ್ಯುತ್ತಿನ ನಿಲುಗಡೆಯೂ

ಬೆಂಗಳೂರಿಗೂ ಕಡಲಿಗೂ ಬಹು ದೂರ. ಮಂಗಳೂರಿನ ಕಡಲ ದಂಡೆಯಿಂದ ಇಲ್ಲಿಗೆ ಸುಮಾರು 350 ಕಿಲೋಮೀಟರುಗಳ ಹಾದಿ. ನಡುವೆ ಘಟ್ಟವನ್ನೇರಿ ಸಮುದ್ರಮಟ್ಟದಿಂದ ಸುಮಾರು 900 ಮೀಟರುಗಳ ಎತ್ತರಕ್ಕೆ ಬರಬೇಕು. ಆದರೂ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್. ಟಿ. ನಗರಗಳ ಕೆಲವು ಮನೆಗಳಲ್ಲಿ ಇಂದು ಚಿಕ್ಕ ಕಡಲೊಂದು ಬಂದು ನೆಲಸಿದೆ. ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲುಪ್ಪಿನ ಮಿಶ್ರಣವನ್ನು ಕೂಡಿಸಿ, ಗಾಜಿನ ತೊಟ್ಟಿಯಲ್ಲಿ ತುಂಬಿ, ಅದರಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳನ್ನೂ ನೀಲಿಯ ಡ್ಯಾಮ್ಸೆಲ್ ಮೀನುಗಳನ್ನೂ ಬಿಟ್ಟು ಮಕ್ಕಳು ಮುದುಕರಾದಿಯಾಗಿ ಮನೆಮಂದಿಯೆಲ್ಲ ನೋಡಿ ನಲಿಯುವುದುಂಟು. ಈ ಹವ್ಯಾಸವು ಬಹು ರಮ್ಯವಾದುದು. ಆದರೆ ಈ ಕಡಲಿನ ಪ್ರಾಣವೆಲ್ಲ ಗೋಡೆಯ ಮೇಲಣ ಒಂದು ಪ್ಲಗ್ಗಿನಲ್ಲಿ ನಿಂತಿದೆಯೆಂಬುದನ್ನು ಹಲವರು ಮರೆಯುತ್ತಾರೆ. ಕರೆಂಟು ಹೋದಾಗ ಈ ಜೀವಿಗಳನ್ನು ಕಾಪಾಡುವ ಬಗೆಯನ್ನೂ, ಕರೆಂಟಿನಿಂದಲೇ ಮನೆಯವರನ್ನು ಕಾಪಾಡುವ ಬಗೆಯನ್ನೂ ಇಲ್ಲಿ ವಾಚಕರ ಮುಂದಿಡಬಯಸುತ್ತೇವೆ.

ಉಪ್ಪುನೀರಿನ ಸ್ವಭಾವ

ಸಿಹಿನೀರಿನ ತೊಟ್ಟಿಯನ್ನು ಸಾಕಿದವರು ಕರೆಂಟು ಎರಡು ಮೂರು ಗಂಟೆ ಹೋದರೆ ಅಷ್ಟಾಗಿ ಚಿಂತಿಸುವುದಿಲ್ಲ. ಗೌರಾಮಿ, ಫೈಟರ್ ಮೊದಲಾದ ಮೀನುಗಳು ನೀರಿನ ಮೇಲಕ್ಕೆ ಬಾಯಿ ತಂದು ಗಾಳಿಯನ್ನೇ ಸೇವಿಸಬಲ್ಲವು. ಕಡಲಿನಿಂದ ಬಂದ ಈ ಮೀನುಗಳಿಗೆ ಆ ಶಕ್ತಿಯಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವೇ ಅವುಗಳಿಗೆ ಗತಿ. ಆದರೆ ನೀರಿಗೆ ಉಪ್ಪು ಸೇರಿದಷ್ಟೂ ಅದು ಹಿಡಿದಿಡಬಲ್ಲ ಆಮ್ಲಜನಕವು ಕಡಮೆಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಲೀಟರು ಸಿಹಿನೀರು ಸುಮಾರು 8.2 ಮಿಲಿಗ್ರಾಮು ಆಮ್ಲಜನಕವನ್ನು ಹಿಡಿದರೆ ಕಡಲನೀರು ಹಿಡಿಯುವುದು ಸುಮಾರು 6.7 ಮಿಲಿಗ್ರಾಮು ಮಾತ್ರ. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲೊಂದು ಪಾಲಿನಷ್ಟು ಕಡಮೆಯಾದುದರಿಂದ ನಮ್ಮ ಪಾಲಿಗೆ ಉಳಿಯುವುದು ಸುಮಾರು 6 ಮಿಲಿಗ್ರಾಮು. ಏಪ್ರಿಲ್ ತಿಂಗಳಲ್ಲಿ ನೀರು 30 ಡಿಗ್ರಿಗೆ ಕಾಯ್ದರೆ ಅದೂ ಇನ್ನಷ್ಟು ಇಳಿಯುತ್ತದೆ. ಕಡಲ ತೀರದ ಊರಿನವರಿಗಿರುವ ಅವಕಾಶವು ನಮಗೆ ಮೊದಲೇ ಇಲ್ಲವೆಂದಾಯಿತು.

ಪಂಪು ನಿಂತಕೂಡಲೆ ನೀರಿನ ಮೇಲ್ಮೈ ಕದಲುವುದು ನಿಲ್ಲುತ್ತದೆ. ಗಾಳಿಯಿಂದ ನೀರಿಗೆ ಆಮ್ಲಜನಕ ಇಳಿಯುವುದೂ, ಅಂಗಾರಾಮ್ಲವು ಹೊರಬೀಳುವುದೂ ಬಹುಮಟ್ಟಿಗೆ ಕುಗ್ಗುತ್ತವೆ. ಮೀನುಗಳ ಸಂಖ್ಯೆ ಹೆಚ್ಚಾಗಿದ್ದ ತೊಟ್ಟಿಯಲ್ಲಿ ಒಂದೆರಡು ಗಂಟೆಗಳಲ್ಲಿಯೇ ಅವು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗುವುದುಂಟು; ಮಿತವಾಗಿದ್ದ ತೊಟ್ಟಿಯು ಹೆಚ್ಚು ಹೊತ್ತು ತಡೆದೀತು. ರಾತ್ರಿಯ ನಿಲುಗಡೆಯು ಹಗಲಿನದಕ್ಕಿಂತ ಕೆಟ್ಟದ್ದು. ಹೇಗೆಂದರೆ, ಬೆಳಕಿನಲ್ಲಿ ಆಮ್ಲಜನಕವನ್ನು ಕೊಡುವ ಪಾಚಿಯು ಕತ್ತಲಾದ ಮೇಲೆ ತಾನೂ ಅದನ್ನೇ ಸೇವಿಸುತ್ತದೆ.

ಇನ್ನೊಂದು ಅಪಾಯವು ಕಣ್ಣಿಗೆ ಕಾಣದು. ಮೀನಿನ ಮಲಮೂತ್ರಗಳಿಂದ ಹುಟ್ಟುವ ಅಮೋನಿಯಾ ವಿಷವನ್ನು ನಿರಪಾಯ ಮಾಡುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿಯೂ ಕಲ್ಲುಗಳ ಸಂದಿಗಳಲ್ಲಿಯೂ ವಾಸಿಸುತ್ತವೆ. ಅವಕ್ಕೂ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಂತಿರುವ ಫಿಲ್ಟರಿನಲ್ಲಿ ನೀರು ನಿಂತರೆ ಅವು ಸಾಯತೊಡಗಿ, ಒಳಗಿನ ನೀರು ಕೊಳೆತು ನಾರುತ್ತದೆ.

ವಿದ್ಯುತ್ತಿಲ್ಲದ ಕಾಲದ ಒಂದು ಪಾಠ

ವಿದ್ಯುತ್ತಿನ ಪಂಪುಗಳು ಹುಟ್ಟುವ ಮೊದಲೇ ಮನೆಯಲ್ಲಿ ಕಡಲ ಜೀವಿಗಳನ್ನು ಸಾಕಿದವರುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಆನಾ ಥಿನ್ ಎಂಬ ಆಂಗ್ಲ ಮಹಿಳೆ 1846ರಲ್ಲಿ ಟಾರ್ಕಿಯ ಕಡಲ ದಂಡೆಯಿಂದ ಹವಳದ ಜೀವಿಗಳನ್ನು ಲಂಡನ್ನಿನ ತಮ್ಮ ಮನೆಗೆ ತಂದರು. ನೀರು ಕೆಡದಂತೆ ಮಾಡಲು ಅವರ ಮನೆಯ ಸೇವಕಿಯು ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನವೂ ಅರ್ಧ ಮುಕ್ಕಾಲು ಗಂಟೆಯ ಕಾಲ ಸುರಿಯುತ್ತಿದ್ದಳಂತೆ. ನಮ್ಮ ಮನೆಗಳಲ್ಲಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ಕ್ರಮವೇ ಇದು. ಯಂತ್ರಗಳೆಲ್ಲ ನಿಂತ ದಿನ ಈ ಉಪಾಯವು ಇಂದಿಗೂ ಫಲಕಾರಿಯಾದುದು.

ಕರೆಂಟು ಹೋಗುವ ಕಾರಣಗಳು

ಬೆಂಗಳೂರಿಗೆ ವಿದ್ಯುದ್ದೀಪಗಳು ಬಂದದ್ದು 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ. ಇಂದು ಯಲಹಂಕದಲ್ಲಿಯೇ 370 ಮೆಗಾವ್ಯಾಟಿನ ಅನಿಲ ವಿದ್ಯುತ್ ಸ್ಥಾವರವಿದೆ. ಆದರೆ ಸ್ಥಾವರವು ಹತ್ತಿರವಿದ್ದ ಮಾತ್ರಕ್ಕೆ ನಮ್ಮ ಬೀದಿಯ ತಂತಿ ಭದ್ರವಾಯಿತೆಂದು ತಿಳಿಯಲಾಗದು. ಬೇಸಗೆಯ ಕೊನೆಯ ಗಾಳಿಮಳೆಗೆ ಮರದ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು, ಟ್ರಾನ್ಸ್‌ಫಾರ್ಮರು ಸುಡುವುದು, ದುರಸ್ತಿಗಾಗಿ ಬೆಸ್ಕಾಂನವರು ಹಗಲೆಲ್ಲ ನಿಲ್ಲಿಸುವುದು, ಇವು ಎಲ್ಲರೂ ಬಲ್ಲ ಸಂಗತಿಗಳು. ಮುಂದಾಗಿ ಗೊತ್ತುಮಾಡಿದ ನಿಲುಗಡೆಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುವುದರಿಂದ ಆ ಪ್ರಕಟನೆಯನ್ನು ಓದುವ ಅಭ್ಯಾಸವೊಳ್ಳೆಯದು. ಅನಿರೀಕ್ಷಿತವಾಗಿ ಹೋದರೆ 1912 ಎಂಬ ಸಂಖ್ಯೆಗೆ ದೂರವಾಣಿ ಮಾಡಿ, ಎಷ್ಟು ಹೊತ್ತಾದೀತೆಂದು ಮೊದಲು ಕೇಳಬೇಕು. ಮುಂದಿನ ಕೆಲಸವೆಲ್ಲ ಆ ಉತ್ತರವನ್ನೇ ಅವಲಂಬಿಸಿದೆ.

ಅಪರೂಪಕ್ಕೆ ಹೆಚ್ಚಿನ ವಿಪತ್ತೂ ಬರುವುದುಂಟು. 2021ರ ನವೆಂಬರಿನಲ್ಲಿ ಯಲಹಂಕದ ಕೆರೆ ತುಂಬಿ ಹರಿದು ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಹಾಗೆಯೇ ಆಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರಕ್ಕೆ ತರಬೇಕಾಯಿತು. ಅಂಥ ಹೊತ್ತಿನಲ್ಲಿ ವಿದ್ಯುತ್ತಿನ ಮಾತಿರಲಿ, ನೆಲಮಾಳಿಗೆಯ ಜನರೇಟರನ್ನೂ ನಂಬುವಂತಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದೊಡ್ಡ ಮತ್ಸ್ಯಾಗಾರವು 2005ರ ಕತ್ರೀನಾ ಚಂಡಮಾರುತವನ್ನು ಗಟ್ಟಿಯಾಗಿ ನಿಂತು ಎದುರಿಸಿತು; ಆದರೆ ಕೆಲವು ದಿನಗಳಲ್ಲಿ ಜನರೇಟರು ಕೆಟ್ಟು, ಅಲ್ಲಿನ ಬಹುಪಾಲು ಮೀನುಗಳು ಸತ್ತುವು. ಕಟ್ಟಡವನ್ನು ಕೆಡವಲಾರದ ಗಾಳಿಯು ಮಾಡದ ಹಾನಿಯನ್ನು ನಿಂತ ಯಂತ್ರವೊಂದು ಮಾಡಿತು. ಒಂದೇ ಆಧಾರವನ್ನು ನೆಚ್ಚಬಾರದೆಂಬುದು ಇದರ ನೀತಿ.

ಮುಂಚೆಯೇ ಮಾಡಬೇಕಾದ ಏರ್ಪಾಡು

ಬೆಂಕಿ ಹತ್ತಿದಾಗ ಬಾವಿ ತೋಡಿದರೆ ಫಲವೇನು? ಮೊದಲನೆಯದಾಗಿ, ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಪಂಪೊಂದನ್ನು ತೊಟ್ಟಿಯ ಬಳಿ ಇಡಬೇಕು. ಕರೆಂಟು ಹೋದೊಡನೆ ತಾನಾಗಿ ಚಾಲೂ ಆಗುವ ಬಗೆಯವೂ ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಯಲ್ಲಿ ಹಗಲೆಲ್ಲ ಯಾರೂ ಇರದವರಿಗೆ ಅದೇ ತಕ್ಕದ್ದು. ಇದಕ್ಕಿಂತ ಅಗ್ಗವಾದ ವಿಮೆ ಬೇರೊಂದಿಲ್ಲ. ಗಾಳಿಯ ಕೊಳವೆಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟವನ್ನು ಜೋಡಿಸುವುದನ್ನು ಮರೆಯಬಾರದು.

ಎರಡನೆಯದು ಇನ್ವರ್ಟರು. ಅದು ಸೈನ್ ವೇವ್ ಜಾತಿಯದಾಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಪಂಪಿನ ಮೋಟಾರು ಗುಂಯ್ಗುಟ್ಟಿ ಬಿಸಿಯಾಗುವುದು. ಲೆಕ್ಕವನ್ನು ಗೃಹಿಣಿಯರೇ ಮಾಡಿ ನೋಡಬಹುದು. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆಗಳ ಶಕ್ತಿಯುಂಟು; ಅದರಲ್ಲಿ ಅರ್ಧವನ್ನು, ಎಂದರೆ 900ನ್ನು ಮಾತ್ರ ನಂಬುವುದು ವಿವೇಕ. ಅಲೆಯೆಬ್ಬಿಸುವ ಪಂಪಿಗೆ 10 ವ್ಯಾಟು, ಗಾಳಿಪಂಪಿಗೆ 5 ವ್ಯಾಟು, ಇನ್ವರ್ಟರು ತಾನೇ ತಿನ್ನುವುದು 15 ವ್ಯಾಟು ಎಂದಿಟ್ಟುಕೊಂಡರೆ ಒಟ್ಟು 30 ವ್ಯಾಟು. 30 ಗಂಟೆ ನಡೆದೀತು. ಇದಕ್ಕೆ 40 ವ್ಯಾಟಿನ ದೊಡ್ಡ ಪಂಪನ್ನು ಸೇರಿಸಿದರೆ ಸುಮಾರು 13 ಗಂಟೆ. 300 ವ್ಯಾಟಿನ ಚಿಲ್ಲರನ್ನೂ ಸೇರಿಸಿದಿರಾದರೆ ಎರಡೂವರೆ ಗಂಟೆಯೂ ಬಾರದು. ಅದರ ಮೇಲೆ ಮನೆಯ ಫ್ಯಾನುಗಳೂ ದೀಪಗಳೂ ಅದೇ ಬ್ಯಾಟರಿಯನ್ನು ಹಂಚಿಕೊಂಡರೆ ಹೇಳತಕ್ಕದ್ದೇನು? ಆದುದರಿಂದ ನೀರನ್ನು ಕದಲಿಸುವ ಚಿಕ್ಕ ಪಂಪನ್ನು ಮಾತ್ರ ಇನ್ವರ್ಟರಿಗೆ ಕೊಡಿ. ದೀಪ, ಸ್ಕಿಮ್ಮರ್, ಹೀಟರ್, ಚಿಲ್ಲರುಗಳು ಕಾಯಲಿ. ಪ್ರಾಣವುಳಿಸುವುದು ಚಲನೆ, ಉಳಿದುವು ಸೌಕರ್ಯ.

ಮೂರನೆಯದು ನೀರಿನ ಲೆಕ್ಕ. ತೊಟ್ಟಿಯ ಕೆಳಗಡೆ ಫಿಲ್ಟರುಗಳಿರುವ ಇನ್ನೊಂದು ತೊಟ್ಟಿಯನ್ನಿಡುವ ಪದ್ಧತಿಯುಂಟು. ಇದನ್ನೂ ಸಂಪ್ ಎನ್ನುತ್ತಾರೆ. ಮನೆಯಂಗಳದ ಕುಡಿಯುವ ನೀರಿನ ಸಂಪಲ್ಲ. ಪಂಪು ನಿಂತೊಡನೆ ಮೇಲಿನ ನೀರು ಕೊಳವೆಯ ಮೂಲಕ ಹಿಂದಕ್ಕೆ ಹರಿದು ಕೆಳಗಿನ ತೊಟ್ಟಿಯನ್ನು ತುಂಬಿ ನೆಲಕ್ಕೆ ಚೆಲ್ಲಬಹುದು. ಅಲ್ಲಿಯೇ ಪ್ಲಗ್ಗುಗಳ ಪಟ್ಟಿಯಿದ್ದರೆ ಅನಾಹುತ. ಮೇಲಣ ಕೊಳವೆಗೆ ನೀರಿನ ಮಟ್ಟದ ಬಳಿ ಚಿಕ್ಕ ರಂಧ್ರವನ್ನು ಕೊರೆದರೆ ಅದರೊಳಕ್ಕೆ ಗಾಳಿ ಹೊಕ್ಕು ಹಿನ್ನಡೆ ನಿಲ್ಲುತ್ತದೆ. ಬಿಡುವಿನ ದಿನವೊಂದರಲ್ಲಿ ನೀವೇ ಸ್ವಿಚ್ಚನ್ನು ಆರಿಸಿ, ಕೆಳಗೆ ನೀರು ಎಷ್ಟು ಏರುತ್ತದೆಂದು ನೋಡಿ, ಮೀರಬಾರದ ಮಟ್ಟವನ್ನು ಗುರುತುಮಾಡಿಡಿ.

ಮನೆಯವರ ರಕ್ಷಣೆ

ಮೀನಿಗಿಂತ ಮುಖ್ಯವಾದುದು ಮಕ್ಕಳ ಪ್ರಾಣ. ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಾಲು ಚೆನ್ನಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ. ಹೀಟರಿನ ಗಾಜು ಬಿರಿದರೆ ತೊಟ್ಟಿಯ ನೀರೆಲ್ಲ 230 ವೋಲ್ಟಿಗೆ ದಾರಿಯಾಗುವುದು. ತೊಟ್ಟಿಯ ಅಂಚಿನಲ್ಲಿ ಹಾರಿದ ಹನಿಗಳು ಒಣಗಿ ಬಿಳಿಯ ಉಪ್ಪಿನ ಪೊರೆಯಾಗಿ ತಂತಿಗುಂಟ ಹಬ್ಬಿ ಪ್ಲಗ್ಗಿನವರೆಗೂ ಹೋಗುವುದುಂಟು. ತೇವವಾದಾಗ ಅದೇ ಕಿಡಿಗೂ ಬೆಂಕಿಗೂ ಕಾರಣ. ಆದುದರಿಂದ ವಾರಕ್ಕೊಮ್ಮೆ, ಪ್ಲಗ್ಗುಗಳನ್ನು ಕಿತ್ತಮೇಲೆ, ಅದನ್ನು ಒದ್ದೆಬಟ್ಟೆಯಿಂದ ಒರಸಿ ಒಣಗಿಸಬೇಕು. ಪ್ಲಗ್ಗುಗಳು ತೊಟ್ಟಿಯ ಕೆಳಗಿರದೆ ಪಕ್ಕದ ಗೋಡೆಯಲ್ಲಿ ಎತ್ತರದಲ್ಲಿರಬೇಕು. ಪ್ರತಿಯೊಂದು ತಂತಿಯೂ ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋತು ಬಳಿಕ ಮೇಲೇರಬೇಕು. ಜಾರಿಬರುವ ಹನಿಯು ಆ ಬಾಗಿನಲ್ಲಿಯೇ ತೊಟ್ಟಿಕ್ಕುತ್ತದೆ.

ಒಳ್ಳೆಯ ಅರ್ತಿಂಗ್ ಇದೆಯೇ ಎಂದು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನಲ್ಲಿ ಕಡಿಯುವ ಆರ್‌ಸಿಸಿಬಿಯನ್ನು ಹಾಕಿಸಬೇಕು. ವಿದ್ಯುತ್ತು ಎಲ್ಲಿಯಾದರೂ ಸೋರಿದರೆ ಇದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವುಂಟು. ತೊಟ್ಟಿಯ ಯಂತ್ರಗಳೆಲ್ಲ ಒಂದೇ ಆರ್‌ಸಿಸಿಬಿಯ ಮೇಲಿದ್ದರೆ, ಹೀಟರಿನ ದೋಷಕ್ಕೆ ಪಂಪುಗಳೂ ನಿಂತು, ಮನೆಯವರು ಊರಿಗೆ ಹೋಗಿದ್ದಾಗ ಮೀನುಗಳು ಸತ್ತಾವು. ಯಂತ್ರಗಳನ್ನು ಎರಡು ಸಾಲುಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಆರ್‌ಸಿಸಿಬಿಯನ್ನಿಟ್ಟರೆ ಎರಡು ರಕ್ಷಣೆಗಳೂ ದೊರೆತಂತಾಯಿತು. ಬೀದಿಯ ನ್ಯೂಟ್ರಲ್ ತಂತಿ ಕಡಿದರೆ ಮನೆಯೊಳಕ್ಕೆ 400 ವೋಲ್ಟಿನ ಸಮೀಪದ ಒತ್ತಡ ನುಗ್ಗಬಹುದಾದುದರಿಂದ, ಮೀರಿದ ವೋಲ್ಟೇಜಿಗೆ ಸಂಪರ್ಕ ಕಡಿಯುವ ಸಾಧನವೂ ಅವಶ್ಯವೇ. ನೀರಿಗೆ ಕೈಹಾಕುವ ಮೊದಲು ಪ್ಲಗ್ಗುಗಳನ್ನು ಕೀಳತಕ್ಕದ್ದು. ಇದಕ್ಕೆ ವಿನಾಯಿತಿಯೇ ಇಲ್ಲ.

ಕರೆಂಟು ಹೋದಾಗ ಮತ್ತು ಬಂದಾಗ

ಕರೆಂಟು ಹೋದಾಗ ಮೀನುಗಳಿಗೆ ಆಹಾರ ಹಾಕಬಾರದು. ಒಂದೆರಡು ದಿನ ಹಸಿದರೆ ಆರೋಗ್ಯವಾದ ಮೀನಿಗೆ ಬಾಧಕವಿಲ್ಲ. ತಿಂದರೆ ಉಸಿರೂ ಹೆಚ್ಚು ಬೇಕು, ಅಮೋನಿಯಾವೂ ಹೆಚ್ಚುತ್ತದೆ. ತೊಟ್ಟಿಯ ಮುಚ್ಚಳವನ್ನು ತೆಗೆದು, ಮೀನು ಹಾರದಂತೆ ಬಲೆಯ ಬಟ್ಟೆಯನ್ನು ಹೊದಿಸಿ. ಗಾಳಿಪಂಪಿಲ್ಲದವರು ಸಾಬೂನು ಸೋಂಕದ ಜಗ್ಗಿನಲ್ಲಿ ನೀರನ್ನು ಮೊಗೆದು ಒಂದು ಗೇಣಿನೆತ್ತರದಿಂದ ಮತ್ತೆ ಹೊಯ್ಯಬೇಕು. ಕಾಲು ಗಂಟೆಗೊಮ್ಮೆ ಐದು ನಿಮಿಷ ಮಾಡಿದರೂ ಗುಣ ಕಾಣುವುದು. ಮನೆಮಂದಿಯೆಲ್ಲ ಸರದಿಯಲ್ಲಿ ನಿಂತರೆ ರಾತ್ರಿಯೊಂದು ಕಳೆದೀತು. ಬೇಸಗೆಯಲ್ಲಿ ನೀರು ಕಾಯ್ದರೆ ಮಂಜುಗಡ್ಡೆಯನ್ನು ಬಿಗಿದ ಚೀಲದಲ್ಲಿಟ್ಟು ತೇಲಿಬಿಡಿ, ನೀರಿಗೆ ಬೆರಸಬೇಡಿ. ಧನುರ್ಮಾಸದ ಚಳಿಯಲ್ಲಿ ತೊಟ್ಟಿಯ ಪಕ್ಕಗಳಿಗೆ ಕಂಬಳಿ ಸುತ್ತಿದರೆ ಸಾಕು. ಪೆಟ್ರೋಲಿನ ಜನರೇಟರನ್ನು ಎಷ್ಟೇ ಅವಸರವಿದ್ದರೂ ಮನೆಯೊಳಗೆ ನಡೆಸಕೂಡದು; ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ, ಮನುಷ್ಯರನ್ನು ಮಲಗಿದಲ್ಲಿಯೇ ಕೊಲ್ಲುತ್ತದೆ.

ಕರೆಂಟು ಮರಳಿದ ಮೇಲೆ ಆತುರ ಸಲ್ಲದು. ಮೊದಲು ಚೆಲ್ಲಿದ ನೀರನ್ನು ಒರಸಿ, ಹೀಟರು ನೀರಿನಲ್ಲಿ ಮುಳುಗಿದೆಯೇ ಎಂದು ನೋಡಿ. ಮುಚ್ಚಿದ ಫಿಲ್ಟರು ಒಂದೆರಡು ಗಂಟೆಗಿಂತ ಹೆಚ್ಚು ನಿಂತಿದ್ದರೆ ಅದರೊಳಗಿನ ನೀರನ್ನು ಚೆಲ್ಲಿ, ಒಳಗಿನ ಸಾಮಗ್ರಿಯನ್ನು ಉಪ್ಪುನೀರಿನಿಂದಲೇ ತೊಳೆದು, ಬಳಿಕ ಚಾಲೂ ಮಾಡತಕ್ಕದ್ದು; ಇಲ್ಲವಾದರೆ ಕೊಳೆತ ನೀರೆಲ್ಲ ಒಮ್ಮೆಲೇ ತೊಟ್ಟಿಗೆ ಬೀಳುತ್ತದೆ. ಮುಂದಿನ ಎರಡು ಮೂರು ದಿನ ಅಮೋನಿಯಾವನ್ನು ಪರೀಕ್ಷಿಸಿ, ಕಂಡುಬಂದರೆ ಮೊದಲೇ ಸಿದ್ಧವಾಗಿಟ್ಟ ಉಪ್ಪುನೀರಿನಿಂದ ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸಿ. ಇದಕ್ಕಾಗಿ ತೊಟ್ಟಿಯ ಐದರಲ್ಲೊಂದು ಪಾಲಿನಷ್ಟು ನೀರು ಮನೆಯಲ್ಲಿ ಯಾವಾಗಲೂ ಇರಬೇಕು. ಇಲ್ಲಿ ನಲ್ಲಿಯನ್ನು ತಿರುಗಿಸಿದರೆ ಕಡಲು ಬಾರದಷ್ಟೆ.

ಇಷ್ಟೆಲ್ಲ ಜಂಜಾಟವೇಕೆಂದು ಕೆಲವರು ಕೇಳಿಯಾರು. ಕಡಲಿನ ಮೀನುಗಳಲ್ಲಿ ಮನೆಯಲ್ಲಿ ಸಾಕಿ ಮರಿಮಾಡಿಸಿದುವು ಕೆಲವೇ. ಹೆಚ್ಚಿನವನ್ನು ದೂರದ ಹವಳದ ದಿಬ್ಬಗಳಿಂದ ಹಿಡಿದು ತರುತ್ತಾರೆ. ಹವಳದ ದಿಬ್ಬಗಳನ್ನು ಕಟ್ಟುವ ಜೀವಿಗಳೂ ಕಡಲ್ಕುದುರೆಗಳೂ 2001ರಿಂದ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾನೂನಿನ ಆಶ್ರಯದಲ್ಲಿವೆ. ಅವನ್ನು ಕಡಲಿನಿಂದ ತಂದು ಮಾರುವವರಿಂದ ಕೊಳ್ಳಲೇಬಾರದು. ಸಾಕಿದ ತಳಿಯ ಕ್ಲೌನ್ ಮೀನುಗಳಂಥವನ್ನೇ ಆರಿಸಿ, ತೊಟ್ಟಿಗೆ ತಕ್ಕಷ್ಟನ್ನು ಮಾತ್ರ ಇಟ್ಟರೆ ಅರ್ಧ ಅಪಾಯವು ಅಲ್ಲಿಯೇ ಕಳೆಯಿತು. ತಾನಾಗಿ ನಮ್ಮ ಮನೆಗೆ ಬಾರದ ಜೀವವನ್ನು ನಾವು ಕರೆತಂದ ಮೇಲೆ ಅದರ ಉಸಿರಿನ ಹೊಣೆ ನಮ್ಮದೇ. ಹೊಸ ಮೀನನ್ನು ಕೊಳ್ಳಲು ಹೊರಡುವ ಮುನ್ನ ವಾಚಕರು ಗಾಳಿಪಂಪನ್ನೂ ಆರ್‌ಸಿಸಿಬಿಯನ್ನೂ ಕೊಂಡು ಬರಲೆಂದು ಹಾರೈಸುತ್ತೇವೆ.