ಬಾಟಲಿಗಳ ನೆರೆಹೊರೆ

ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಸ್ಟೋರ್ ರೂಮನ್ನು ಅಚ್ಚುಕಟ್ಟು ಮಾಡಿ ಎಂದು ಯಾರಿಗಾದರೂ ಒಪ್ಪಿಸಿದರೆ ಅವರಿಗೆ ಮೊದಲು ಹೊಳೆಯುವುದು ಅಕ್ಷರಮಾಲೆ. ಅಸಿಟೋನ್‌ನಿಂದ ಶುರುಮಾಡಿ ಜಿಂಕ್ ಸಲ್ಫೇಟಿನವರೆಗೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದರೆ ಹುಡುಕುವುದು ಸುಲಭ, ಸ್ಟಾಕ್ ರಿಜಿಸ್ಟರಿನ ಜೊತೆ ತಾಳೆ ನೋಡುವುದೂ ಸುಲಭ. ಆದರೆ ಆ ಸಾಲಿನಲ್ಲಿ ಹೈಡ್ರಜೀನ್ ಹೈಡ್ರೇಟಿನ ಮಗ್ಗುಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಬಂದು ಕೂರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಮೆಸರ್‌ಶ್ಮಿಟ್ 163 ಕೋಮೆಟ್ ಎಂಬ ರಾಕೆಟ್ ವಿಮಾನವನ್ನು ಹಾರಿಸಿದ್ದು ಇದೇ ಜೋಡಿ. ಒಂದು ಟ್ಯಾಂಕಿನಲ್ಲಿ ಸಾಂದ್ರ ಪೆರಾಕ್ಸೈಡ್, ಇನ್ನೊಂದರಲ್ಲಿ ಹೈಡ್ರಜೀನ್ ಹೈಡ್ರೇಟ್ ಬೆರೆಸಿದ ಮೆಥನಾಲ್. ಕಿಡಿ ಬೇಕಿರಲಿಲ್ಲ, ಒಂದಕ್ಕೊಂದು ತಾಗಿದರೆ ಹೊತ್ತಿಕೊಳ್ಳುತ್ತಿದ್ದವು. ಕಾಲೇಜಿಗೆ ಬರುವ ಪೆರಾಕ್ಸೈಡ್ ಅಷ್ಟು ಸಾಂದ್ರವಲ್ಲ, ನಿಜ. ಹಾಗೆಂದು ಅವೆರಡನ್ನೂ ಒಂದೇ ಹಲಗೆಯ ಮೇಲೆ ಇಡುವ ಧೈರ್ಯ ತಿಳಿದವರು ಮಾಡುವುದಿಲ್ಲ.

ವಿಷದ ಬಾಟಲಿಗಳನ್ನು ಕಾಯುವುದು ಒಂದು ಕಸುಬು. ನಮ್ಮ ಕಾಲೇಜುಗಳಲ್ಲಿ ಇದನ್ನು ಹೆಚ್ಚಾಗಿ ನಿಭಾಯಿಸುವವರು ಲ್ಯಾಬ್ ಅಟೆಂಡರುಗಳು. ಡಿಗ್ರಿ ಇಲ್ಲದಿದ್ದರೂ ಯಾವ ಬಾಟಲಿಯ ಮುಚ್ಚಳ ಕಚ್ಚಿಕೊಳ್ಳುತ್ತದೆ, ಯಾವುದು ಹೊಗೆಯಾಡುತ್ತದೆ ಎಂಬುದು ಅವರಿಗೆ ಗೊತ್ತು. ಈ ವಿದ್ಯೆಯ ಬಹುಪಾಲು ಹಿರಿಯರ ಬಾಯಿಂದ ಕಿರಿಯರ ಕಿವಿಗೆ ದಾಟಿ ಬಂದದ್ದು. ಅದರ ಮೂಲ ಸೂತ್ರ ಒಂದೇ: ಬಾಟಲಿಯ ಹೆಸರು ನೋಡಬೇಡ, ಗುಣ ನೋಡು.

ಗುಣ ನೋಡಿದರೆ ಆಮ್ಲಗಳೆಲ್ಲ ಒಂದೇ ಮನೆಯವೂ ಅಲ್ಲ. ಅಸಿಟಿಕ್ ಆಮ್ಲವೂ ಆಮ್ಲವೇ, ನೈಟ್ರಿಕ್ ಆಮ್ಲವೂ ಆಮ್ಲವೇ. ಆದರೆ ಸಾಂದ್ರ ನೈಟ್ರಿಕ್ ಪ್ರಬಲ ಉತ್ಕರ್ಷಣಕಾರಿ. ಅಸಿಟಿಕ್ ಉರಿಯಬಲ್ಲ ಸಾವಯವ ವಸ್ತು. ಹಾಗಾಗಿ ನೈಟ್ರಿಕ್‌ಗೆ ಪ್ರತ್ಯೇಕ ಟ್ರೇ, ಸಾಧ್ಯವಾದರೆ ಪ್ರತ್ಯೇಕ ಬೀರು. ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನ್ ಹನಿಸಿದರೆ ಕೆಲ ಹೊತ್ತಿನಲ್ಲಿ ತಾನಾಗಿ ಉರಿ ಏಳುವುದನ್ನು ವಿಜ್ಞಾನ ಪ್ರದರ್ಶನಗಳಲ್ಲಿ ನೋಡಿ ಚಪ್ಪಾಳೆ ತಟ್ಟಿದವರಿದ್ದಾರೆ. ಅದೇ ಆಟ ಕತ್ತಲ ಸ್ಟೋರಿನಲ್ಲಿ ನಡೆಯಬಾರದು. ಸಯನೈಡು ಬೀಗದೊಳಗಿದ್ದರೆ ಸಾಲದು, ಆಮ್ಲದಿಂದ ದೂರವೂ ಇರಬೇಕು. ಆಮ್ಲ ಸೋಕಿದರೆ ಅದು ಹೈಡ್ರೋಜನ್ ಸಯನೈಡ್ ಅನಿಲವಾಗಿ ಹೊರಬೀಳುತ್ತದೆ, ಅನಿಲಕ್ಕೆ ಬೀಗವಿಲ್ಲ. ಇದು ಲ್ಯಾಬಿನವರಿಗಷ್ಟೇ ಸಂಬಂಧಿಸಿದ ವಿಚಾರ ಎಂದುಕೊಳ್ಳುವವರು ತಮ್ಮ ಬಚ್ಚಲಿನ ಗೂಡನ್ನು ಒಮ್ಮೆ ನೋಡಲಿ. ಬ್ಲೀಚಿಂಗ್ ಪೌಡರೂ ಆಮ್ಲವಿರುವ ಟಾಯ್ಲೆಟ್ ಕ್ಲೀನರೂ ಅಲ್ಲಿ ಜೊತೆಗಿರುತ್ತವೆ. ಎರಡೂ ಬೆರೆತರೆ ಬರುವುದು ಕ್ಲೋರಿನ್ ಅನಿಲ.

ಎತ್ತರಕ್ಕೂ ನಿಯಮವಿದೆ. ದ್ರವದ ದೊಡ್ಡ ಬಾಟಲಿಗಳು ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಸೋರಿದ್ದು ಹರಿಯದಂತೆ ತಡೆಯುವ ಟ್ರೇಯಲ್ಲಿ. ಎರಡೂವರೆ ಲೀಟರಿನ ಆಮ್ಲದ ಬಾಟಲಿಯನ್ನು ಕುತ್ತಿಗೆ ಹಿಡಿದು ಒಯ್ಯಬಾರದು; ಬಕೆಟಿನಲ್ಲಿಟ್ಟು ಒಯ್ಯಬೇಕು.

ಕೆಲವಕ್ಕೆ ವಿಶೇಷ ಉಪಚಾರ ಬೇಕು. ಸೋಡಿಯಂ ಸೀಮೆಎಣ್ಣೆಯಲ್ಲಿ ಮುಳುಗಿರಬೇಕು, ಬಿಳಿ ರಂಜಕ ನೀರಿನಲ್ಲಿ, ಅದಲುಬದಲಾದರೆ ಅನಾಹುತ. ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೇ ತಿನ್ನುವುದರಿಂದ ಅದಕ್ಕೆ ಪ್ಲಾಸ್ಟಿಕ್ ಬಾಟಲಿ. ಚರ್ಮಕ್ಕೆ ತಾಗಿದಾಗ ಮೊದಮೊದಲು ನೋವೂ ಕಾಣದೆ ಒಳಗಿಳಿದು ರಕ್ತದ ಕ್ಯಾಲ್ಸಿಯಮ್ಮನ್ನು ಕಸಿದುಕೊಳ್ಳುವ ಆಮ್ಲವದು. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದ ಲ್ಯಾಬು ಅದನ್ನು ತರಿಸಲೇಬಾರದು. ಇನ್ನು ಈಥರ್. ಅದು ಕುದಿಯುವುದು 34.6 ಡಿಗ್ರಿಯಲ್ಲಿ. ಮೇ ತಿಂಗಳ ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ತಗಡಿನ ಮಾಡಿನ ಕೋಣೆಯಲ್ಲಿ ಮುಚ್ಚಿದ ಈಥರ್ ಬಾಟಲಿಯ ಸ್ಥಿತಿ ಹೇಗಿರಬಹುದೆಂದು ಪಠ್ಯಪುಸ್ತಕ ಹೇಳುವುದಿಲ್ಲ. ತಂಪಿರಲಿ ಎಂದು ಮನೆಬಳಕೆಯ ಫ್ರಿಜ್ಜಿನಲ್ಲಿಟ್ಟರೆ ಅದೂ ಅಪಾಯ. ಬಾಟಲಿಯಿಂದ ಸೋರಿದ ಆವಿ ಒಳಗೇ ಕೂಡಿಕೊಳ್ಳುತ್ತದೆ, ಥರ್ಮೋಸ್ಟಾಟಿನ ಸಣ್ಣ ಕಿಡಿ ಸಾಕಾಗುತ್ತದೆ. ಒಳಗೆ ಕಿಡಿ ಹಾರದಂತೆ ತಯಾರಿಸಿದ ಫ್ರಿಜ್ಜೇ ಬೇರೆ ಇದೆ. ಬೆಲೆ ಹೆಚ್ಚು, ಆದ್ದರಿಂದ ಎಲ್ಲ ಕಡೆ ಇರುವುದಿಲ್ಲ.

ಹಿಂದಿನವರು ರಾಸಾಯನಿಕಗಳೊಡನೆ ನಡೆದುಕೊಂಡ ರೀತಿ ಈಗ ಗಾಬರಿ ಹುಟ್ಟಿಸುತ್ತದೆ. ಆಮ್ಲಜನಕ, ಕ್ಲೋರಿನ್‌ಗಳನ್ನು ಗುರುತಿಸಿದ ಸ್ವೀಡನ್ನಿನ ಕಾರ್ಲ್ ಶೀಲೆಗೆ ತಾನು ತಯಾರಿಸಿದ್ದನ್ನು ನಾಲಗೆಗೆ ಹಚ್ಚಿ ನೋಡುವ ಚಟವಿತ್ತು. ಹೈಡ್ರೋಜನ್ ಸಯನೈಡಿನ ರುಚಿಯನ್ನೂ ಬರೆದಿಟ್ಟ ಪುಣ್ಯಾತ್ಮ! 1786ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡ. ಅಷ್ಟು ದೂರ ಹೋಗಬೇಕಿಲ್ಲ. ಬಾಯಿಂದ ಪಿಪೆಟ್ ಎಳೆದು ಆಕ್ಸಾಲಿಕ್ ಆಮ್ಲದ ಹುಳಿ ಕಂಡವರು ನಮ್ಮ ನಡುವೆ ಬೇಕಾದಷ್ಟು ಜನರಿದ್ದಾರೆ. ಸಾಲ್ಟ್ ಅನಾಲಿಸಿಸ್ ದಿನ ಕಿಪ್ ಉಪಕರಣದಿಂದ ಹೊರಟು ಕಾರಿಡಾರ್ ತುಂಬುತ್ತಿದ್ದ ಕೊಳೆತ ಮೊಟ್ಟೆಯ ವಾಸನೆಯನ್ನೂ ಅವರು ಮರೆತಿರಲಾರರು. ಹೈಡ್ರೋಜನ್ ಸಲ್ಫೈಡಿನ ಆ ನಾತ ಬರುತ್ತಿರುವ ತನಕ ಎಚ್ಚರಿಕೆಯಾದರೂ ಸಿಗುತ್ತದೆ. ಪ್ರಮಾಣ ಹೆಚ್ಚಾಗಿ ಹತ್ತು ಲಕ್ಷಕ್ಕೆ ಸುಮಾರು ನೂರು ಭಾಗ ಮುಟ್ಟಿದಾಗ ಮೂಗು ಸೋತು ವಾಸನೆ ತಿಳಿಯುವುದೇ ನಿಂತುಹೋಗುತ್ತದೆ, ವಿಷ ಮಾತ್ರ ಮುಂದುವರಿಯುತ್ತದೆ.

ಇಂಥ ಅನಿಲಗಳಿಗಾಗಿಯೇ ಇರುವುದು ಫ್ಯೂಮ್ ಹುಡ್, ಗಾಜಿನ ಬಾಗಿಲಿನ, ಗಾಳಿ ಹೊರಗೆಳೆಯುವ ಗೂಡು. ಅದರ ಬಾಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಒಳಕ್ಕೆ ಹರಿಯಬೇಕು. ಎಷ್ಟೋ ಕಡೆ ಆ ಗೂಡೇ ಉಗ್ರಾಣವಾಗಿ, ಹಿಂಬದಿಯ ಗಾಳಿಕಂಡಿಗೆ ಅಡ್ಡಲಾಗಿ ಬಾಟಲಿಗಳು ಸಾಲುಗಟ್ಟಿರುತ್ತವೆ. ಫ್ಯಾನ್ ಸದ್ದು ಕೇಳಿಸುತ್ತಿರುವುದರಿಂದ ಎಲ್ಲರಿಗೂ ಸಮಾಧಾನ.

ಗ್ಲೌಸಿನ ವಿಚಾರದಲ್ಲೂ ಇಂಥದೇ ಸಮಾಧಾನವಿತ್ತು, 1997ರವರೆಗೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ವಿಷಲೋಹಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದವರು. 1996ರ ಆಗಸ್ಟ್ 14ರಂದು ಫ್ಯೂಮ್ ಹುಡ್‌ನಲ್ಲಿ ಡೈಮೀಥೈಲ್ ಮರ್ಕ್ಯುರಿ ತೆಗೆಯುವಾಗ ಒಂದೆರಡು ಹನಿ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ ಬಿದ್ದವು. ಅವರು ಗ್ಲೌಸ್ ತೆಗೆದು ಕೈ ತೊಳೆದುಕೊಂಡರು. ಆ ಕಾಲದ ನಿಯಮಗಳ ಪ್ರಕಾರ ಅವರು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. 1997ರ ಜನವರಿಯ ಹೊತ್ತಿಗೆ ನಡಿಗೆ ತತ್ತರಿಸಿತು, ಮಾತು ತೊದಲಿತು. ಜೂನ್ 8ರಂದು ತೀರಿಕೊಂಡರು. ಆ ದ್ರವ ಲೇಟೆಕ್ಸನ್ನು ದಾಟಲು 15 ಸೆಕೆಂಡೂ ಬೇಕಿಲ್ಲವೆಂದು ಪರೀಕ್ಷೆ ಮಾಡಿದಾಗ ಗೊತ್ತಾಯಿತು. ಪ್ರತಿ ರಾಸಾಯನಿಕಕ್ಕೂ ತಕ್ಕ ಗ್ಲೌಸ್ ಬೇರೆ ಎಂಬುದು ಪ್ರಯೋಗಾಲಯಗಳಿಗೆ ಮನವರಿಕೆಯಾದದ್ದು ಮುಖ್ಯವಾಗಿ ಈ ಸಾವಿನಿಂದ. ಬಹುತೇಕ ಲ್ಯಾಬುಗಳು ಈಗ ನೆಚ್ಚಿಕೊಂಡಿರುವ ನೈಟ್ರೈಲ್ ಗ್ಲೌಸ್ ಕೂಡ ಅಸಿಟೋನಿನ ಎದುರು ಬಹಳ ಹೊತ್ತು ನಿಲ್ಲುವುದಿಲ್ಲ.

ಯಾವುದಕ್ಕೆ ಯಾವ ಗ್ಲೌಸ್, ಯಾವುದರ ಪಕ್ಕ ಯಾವುದು ಕೂಡದು, ಕಣ್ಣಿಗೆ ಬಿದ್ದರೆ ಏನು ಮಾಡಬೇಕು ಎಂಬುದೆಲ್ಲ ಸೇಫ್ಟಿ ಡೇಟಾ ಶೀಟಿನಲ್ಲಿರುತ್ತದೆ. ಅದಕ್ಕೆ 16 ಭಾಗ. ನಾಲ್ಕನೆಯದು ಪ್ರಥಮ ಚಿಕಿತ್ಸೆ, ಏಳನೆಯದು ಬಳಕೆ ಮತ್ತು ದಾಸ್ತಾನು, ಹತ್ತನೆಯದು ಯಾವುದರೊಡನೆ ಸೇರಬಾರದೆಂಬ ವಿವರ. ನಮ್ಮಲ್ಲಿ ಅದು ಇಂಗ್ಲಿಷಿನಲ್ಲಿದ್ದು ಫೈಲಿನಲ್ಲಿ ಮಲಗಿರುತ್ತದೆ. ಬಾಟಲಿ ಎತ್ತಿಡುವವರ ಕೈಗೆ ಬರುವುದಿಲ್ಲ. ಕೆಂಪು ಚೌಕಟ್ಟಿನ ವಜ್ರಾಕೃತಿಯೊಳಗಿನ ತಲೆಬುರುಡೆ, ಜ್ವಾಲೆ, ಕೈ ಕೊರೆಯುವ ಆಮ್ಲದ ಚಿತ್ರಗಳು ಭಾಷೆಯ ಹಂಗಿಲ್ಲದೆ ಅರ್ಥವಾಗುತ್ತವೆ, ಸರಿ. ಆದರೂ ಆ ಮೂರು ಭಾಗಗಳನ್ನಾದರೂ ಕನ್ನಡದಲ್ಲಿ ಬರೆದು ಸ್ಟೋರಿನ ಗೋಡೆಗೆ ಅಂಟಿಸಲು ಒಂದು ಮಧ್ಯಾಹ್ನ ಸಾಕು.

ನನ್ನ ಮಟ್ಟಿಗೆ ಸ್ಟೋರಿನ ದೊಡ್ಡ ಶತ್ರು ವಯಸ್ಸು. ತೆರೆದಿಟ್ಟ ಈಥರ್ ಗಾಳಿಯೊಡನೆ ಕೂಡಿ ಪೆರಾಕ್ಸೈಡುಗಳನ್ನು ಕಟ್ಟಿಕೊಳ್ಳುತ್ತದೆ, ಅವು ಸ್ಫೋಟಕ. ಅದಕ್ಕೇ ಬಾಟಲಿ ಬಂದ ತಾರೀಖು, ತೆರೆದ ತಾರೀಖು ಎರಡನ್ನೂ ಲೇಬಲ್ಲಿನ ಮೇಲೆ ಬರೆಯಬೇಕು. ಒದ್ದೆಯಾಗಿರುವ ತನಕ ಸೌಮ್ಯವಾಗಿರುವ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುತ್ತದೆ. ಆಲ್ಡಿಹೈಡ್, ಕೀಟೋನ್‌ಗಳನ್ನು ಪತ್ತೆಹಚ್ಚಲು ನಮ್ಮ ವಿದ್ಯಾರ್ಥಿಗಳು ಬಳಸುವ ಡಿಎನ್‌ಪಿ ಕೂಡ ಹಾಗೆಯೇ. 2016ರ ಕೊನೆಯಲ್ಲಿ ಬ್ರಿಟನ್ನಿನ ಶಾಲೆಗಳಿಗೆ ಈ ಬಗ್ಗೆ ಎಚ್ಚರಿಕೆ ಹೋದಾಗ ಅಲ್ಲಿನ ನೂರಾರು ಶಾಲೆಗಳಿಗೆ ಬಾಂಬ್ ನಿಷ್ಕ್ರಿಯ ದಳ ಬರಬೇಕಾಯಿತು, ಹಲವು ಕಡೆ ಮೈದಾನದಲ್ಲೇ ಸಿಡಿಸಲಾಯಿತು.

ನಮ್ಮಲ್ಲಿ ಹಳೆಯ ಬಾಟಲಿ ಉಳಿದುಕೊಳ್ಳಲು ರಸಾಯನಶಾಸ್ತ್ರಕ್ಕಿಂತ ಲೆಕ್ಕಪತ್ರ ಕಾರಣ. ಮಾರ್ಚ್ ತಿಂಗಳೊಳಗೆ ಅನುದಾನ ಖರ್ಚಾಗಬೇಕೆಂದು 25 ಗ್ರಾಂ ಬೇಕಾದಲ್ಲಿ 500 ಗ್ರಾಂ ಬರುತ್ತದೆ. ಬಂದದ್ದು ರಿಜಿಸ್ಟರಿಗೆ ಏರುತ್ತದೆ. ಇಳಿಸಬೇಕಾದರೆ ಕಮಿಟಿ, ರೈಟ್ ಆಫ್, ಸಹಿಗಳು. ಆಡಿಟಿನಲ್ಲಿ ಬಾಟಲಿಗಳ ಎಣಿಕೆ ಸರಿಯಿದೆಯೇ ಎಂದು ಕೇಳುತ್ತಾರೆ, ಅವುಗಳ ಪ್ರಾಯ ಕೇಳುವುದಿಲ್ಲ. ಹೀಗಾಗಿ ಲೇಬಲ್ ಅಳಿಸಿಹೋದ ಬಾಟಲಿಗೂ ಕಪಾಟಿನಲ್ಲಿ ಜಾಗ ಖಾಯಂ. ಬೇಡದ್ದನ್ನು ಸಿಂಕಿಗೆ ಸುರಿಯುವುದು, ಖಾಲಿ ಬಾಟಲಿಯನ್ನು ತೊಳೆಯದೆ ಗುಜರಿಗೆ ಹಾಕುವುದು ಇದಕ್ಕೆ ಪರಿಹಾರವಲ್ಲ. ಸಾವಯವ ದ್ರಾವಕ ತುಂಬಿದ ತ್ಯಾಜ್ಯದ ಬಾಟಲಿಗೆ ನೈಟ್ರಿಕ್ ಆಮ್ಲ ಸುರಿದು ಮುಚ್ಚಳ ಬಿಗಿದರೆ ಅನಿಲ ತುಂಬಿ ಬಾಟಲಿ ಒಡೆಯುತ್ತದೆ. ತ್ಯಾಜ್ಯವನ್ನೂ ಗುಣ ನೋಡಿ ವಿಂಗಡಿಸಿ, ಪ್ರತಿಯೊಂದಕ್ಕೂ ಲೇಬಲ್ ಹಚ್ಚಿ, ಪರವಾನಗಿ ಇರುವವರಿಗೇ ಒಪ್ಪಿಸಬೇಕು.

ಬೇಸಿಗೆ ರಜೆಯಲ್ಲಿ ಕಪಾಟು ಖಾಲಿ ಮಾಡುವಾಗ ಮೂಲೆಯಲ್ಲಿ ಪಿಕ್ರಿಕ್ ಆಮ್ಲದ ಹಳೆಯ ಬಾಟಲಿ ಸಿಕ್ಕಿ, ಮುಚ್ಚಳದ ಸುತ್ತ ಹಳದಿ ಹರಳು ಕಟ್ಟಿದ್ದರೆ ತೆರೆದು ನೋಡುವ ಕುತೂಹಲ ಬೇಡ. ತಿರುಪಿನ ಸಂದಿನಲ್ಲಿ ಹರಳು ಉಜ್ಜಿದರೆ ಸಾಕು, ಸಿಡಿಯಬಹುದು. ಬಾಟಲಿಯನ್ನು ಮುಟ್ಟದೆ, ಕೋಣೆಗೆ ಬೀಗ ಹಾಕಿ, ಪೊಲೀಸರ ಬಾಂಬ್ ನಿಷ್ಕ್ರಿಯ ದಳಕ್ಕೆ ಫೋನ್ ಮಾಡಬೇಕು. ರೈಟ್ ಆಫ್ ಕಾಗದ ಆಮೇಲೆ ಬರಲಿ.